ಅರ್ಧ ಹೊಲಕ್ಕೆ ಔಷಧಿ

ಹೆಸರು, ವಯಸ್ಸು, ಗಂಡನ ಕೆಲಸ ಎಲ್ಲ ಬದಲಿಸಿದ್ದೇನೆ. ಬದಲಿಸದೆ ಉಳಿಸಿಕೊಂಡದ್ದು ಆಕೆಯ ಒಂದು ಮಾತನ್ನು ಮಾತ್ರ. ಅದನ್ನು ಬರೆಯಬಹುದೇ ಎಂದು ಕೇಳಿ, "ಬರೀರಿ, ನನ್ನ ಹೆಸರೊಂದು ಬ್ಯಾಡ" ಅಂತ ಹೇಳಿಸಿಕೊಂಡೇ ಬರೆಯುತ್ತಿದ್ದೇನೆ.

ನೀಲವ್ವ ಎಂದು ಕರೆಯೋಣ. ಮೂವತ್ತರ ಆಸುಪಾಸು, ಎರಡು ಮಕ್ಕಳು, ಎರಡನೆಯ ಹೆರಿಗೆಯಲ್ಲೇ ಮಕ್ಕಳಾಗದ ಆಪರೇಷನ್ ಆಗಿದೆ. ಗಂಡ ಟ್ರ್ಯಾಕ್ಟರ್ ಹೊಡೆಯುತ್ತಾನೆ, ಕಬ್ಬಿನ ಸೀಸನ್ನಿನಲ್ಲಿ ರಾತ್ರಿಗಟ್ಟಲೆ ಫ್ಯಾಕ್ಟರಿ ಮುಂದೆ ಸಾಲಿನಲ್ಲಿ ನಿಂತಿರುತ್ತಾನೆ. ನಾನು ಆಪ್ತಸಮಾಲೋಚಕಿಯಾಗಿರುವ ಸುರಕ್ಷಾ ಕ್ಲಿನಿಕ್ಕಿಗೆ, ಅಂದರೆ ಲೈಂಗಿಕ ರೋಗಗಳನ್ನು ನೋಡುವ ಸರ್ಕಾರಿ ಕ್ಲಿನಿಕ್ಕಿಗೆ, ಒಂದೇ ವರ್ಷದಲ್ಲಿ ಆಕೆ ನಾಲ್ಕು ಸಲ ಬಂದಿದ್ದಳು. ನಾಲ್ಕೂ ಸಲ ಅದೇ ದೂರು. ಬಿಳುಪು ಹೋಗುತ್ತದೆ, ತೆಳ್ಳಗೆ, ಮೀನಿನಂಥ ವಾಸನೆ, ಗಂಡನ ಜೊತೆ ಮಲಗಿದ ಮರುದಿನ ಇನ್ನೂ ಜೋರು. ಎಚ್‌ಐವಿ, ಸಿಫಿಲಿಸ್ ಎರಡೂ ನೆಗೆಟಿವ್. ನಾಲ್ಕೂ ಸಲ ಹಸಿರು ಕಿಟ್ಟು ಕೊಟ್ಟು ಕಳಿಸಿದ್ದೆವು. ನಮ್ಮಲ್ಲಿ ಔಷಧಿಯನ್ನು ಬಣ್ಣದಿಂದ ಕರೆಯುತ್ತೇವೆ. ಬಿಳುಪಿನ ದೂರಿಗೆ ಹಸಿರು, ಕಿಬ್ಬೊಟ್ಟೆ ನೋವಿಗೆ ಹಳದಿ. ಲ್ಯಾಬಿಲ್ಲದ ಊರಲ್ಲೂ ಲಕ್ಷಣ ನೋಡಿ ಗುಳಿಗೆ ಕೊಡಲು ಮಾಡಿದ ಏರ್ಪಾಡು, ಅದರಿಂದ ಲಕ್ಷಾಂತರ ಹೆಂಗಸರಿಗೆ ಒಳ್ಳೆಯದೇ ಆಗಿದೆ. ಆದರೆ ನಾಲ್ಕನೆಯ ಸಲವೂ ಅದೇ ಹಸಿರು ಕೊಟ್ಟಾಗ ನಮ್ಮಲ್ಲಿ ಯಾರಿಗಾದರೂ ಕೈ ತಡೆಯಬೇಕಿತ್ತು. ನನಗೂ ತಡೆಯಲಿಲ್ಲ.

ಐದನೆಯ ಸಲ ಆಕೆಯ ಕೈಯಲ್ಲಿ ಖಾಸಗಿ ನರ್ಸಿಂಗ್ ಹೋಮ್ ಒಂದರ ಚೀಟಿಯಿತ್ತು. ಗರ್ಭಚೀಲ ತೆಗೆಸಿದರೆ ಒಳ್ಳೆಯದು ಎಂದಿದ್ದರಂತೆ. ಅತ್ತೆ ಆಗಲೇ ದುಡ್ಡು ಹೊಂದಿಸತೊಡಗಿದ್ದರು.

"ಚೀಲ ತೆಗಿಸಿದ್ರ ವಾಸನಿ ಹೋಗ್ತೈತೇನ್ರೀ ಅಕ್ಕಾರ?"

ಇಲ್ಲ ಅಂದೆ. ವಾಸನೆ ಚೀಲದ್ದಲ್ಲ. ಕಲಬುರಗಿ ಕಡೆ ಹತ್ತು ವರ್ಷದ ಹಿಂದೆ ಬಯಲಾದ ಗರ್ಭಕೋಶ ಶಸ್ತ್ರಚಿಕಿತ್ಸೆಗಳ ಕಥೆ ನೆನಪಿದ್ದವರಿಗೆ ನನ್ನ ಗಾಬರಿ ಅರ್ಥವಾದೀತು. ಬಿಳುಪು, ಬೆನ್ನುನೋವು ಅಂತ ಹೋದ ತಾಂಡಾದ ಹೆಂಗಸರಲ್ಲಿ ಎಷ್ಟೋ ಮಂದಿ ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ಕಳೆದುಕೊಂಡು ಬಂದಿದ್ದರು.

ಆಮೇಲೆ ವರ್ಷಗಳಿಂದ ಹೇಳಿ ಹೇಳಿ ಬಾಯಿಪಾಠವಾದ ನನ್ನ ಪಾಠ ಶುರು ಮಾಡಿದೆ. ಹಾಲನ್ನು ಮೊಸರು ಮಾಡುವ ಬಳಗದ ಜೀವಾಣುಗಳೇ ಯೋನಿಯಲ್ಲೂ ಇರುತ್ತವೆ, ಆ ಜಾಗವನ್ನು ಹುಳಿಯಾಗಿ ಇಟ್ಟು ಬೇರೆಯವುಗಳನ್ನು ದೂರ ಇಡುತ್ತವೆ. ಅವು ಸೊರಗಿದಾಗ ಬೇರೆ ಜೀವಾಣುಗಳು ಹೆಚ್ಚಿ ವಾಸನೆ ಬರುತ್ತದೆ. ಡಾಕ್ಟರರು ಇದಕ್ಕೆ ಬ್ಯಾಕ್ಟೀರಿಯಲ್ ವೆಜೈನೋಸಿಸ್, ಚಿಕ್ಕದಾಗಿ ಬಿ.ವಿ. ಅನ್ನುತ್ತಾರೆ. ಸೋಪು, ಕ್ರಿಮಿನಾಶಕ ಹಾಕಿ ಒಳಗೆ ತೊಳೆದರೆ ಇದ್ದ ಹೆಪ್ಪೂ ಸಾಯುತ್ತದೆ, ಬರೀ ನೀರು ಸಾಕು, ಅದೂ ಹೊರಗಷ್ಟೇ. (ಈ ಮೊಸರಿನ ಹೋಲಿಕೆ ಹೇಳಿದ ಮೇಲೆ ಒಬ್ಬಾಕೆ ಮನೆಗೆ ಹೋಗಿ ಮೊಸರನ್ನೇ ಹಚ್ಚಿಕೊಂಡಿದ್ದಳು. ಅಂದಿನಿಂದ "ಮೊಸರು ಹಚ್ಚಬೇಡ" ಅನ್ನುವುದನ್ನೂ ಪಾಠಕ್ಕೆ ಸೇರಿಸಿದ್ದೇನೆ.) ಉಷ್ಣದಿಂದ ಬಂದದ್ದಲ್ಲ, ನಿನ್ನ ತಪ್ಪಿಲ್ಲ. ಕೊನೆಗೆ, ಯಾವಾಗಲೂ ಹೇಳುವ ಸಾಲು: ನಿನ್ನ ಗಂಡನಿಗೆ ಏನೂ ಆಗಿಲ್ಲ, ಅವರಿಗೆ ಔಷಧಿ ಬೇಡ.

ನೀಲವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಅಕ್ಕಾರ, ಬದುವಿನ ಈಚಿ ಹೊಲಕ್ಕಷ್ಟ ಔಷಧಿ ಹೊಡದು ಆಚಿ ಹೊಲಕ್ಕ ಹೊಡೀಲಿಲ್ಲಂದ್ರ ಹುಳ ಹೋಗ್ತಾವೇನ್ರಿ? ನಾಕ ದಿನಕ್ಕ ಬದು ದಾಟಿ ಬರ್ತಾವ."

ಅವಳ ಜಾಣತನಕ್ಕೆ ನಾನು ಮೆಚ್ಚಿ ತಲೆದೂಗಿದೆ ಅಂತ ಬರೆದರೆ ಸುಳ್ಳಾಗುತ್ತದೆ. ನನಗೆ ನಾಚಿಕೆಯಾಯಿತು. ಎರಡು ವಾರದ ಹಿಂದೆ ನಮ್ಮ ಚರ್ಮರೋಗ ವೈದ್ಯರು ಚಹಾದ ಹೊತ್ತಿನಲ್ಲಿ ಇದೇ ವಿಷಯ ಹೇಳಿದ್ದರು, ಫೋನಿನಲ್ಲಿ ಲೇಖನವನ್ನೂ ತೋರಿಸಿದ್ದರು. ನಾನು ಹೌದಾ ಸರ್ ಅಂದು, ಕಪ್ಪು ತೊಳೆದಿಟ್ಟು, ಹಳೆಯ ಪಾಠವನ್ನೇ ಮುಂದುವರಿಸಿದ್ದೆ.

ಆ ಲೇಖನ 2025ರ ಮಾರ್ಚಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದದ್ದು. ಆಸ್ಟ್ರೇಲಿಯಾದ ಮೆಲ್ಬರ್ನಿನ ಸಂಶೋಧಕರು 164 ಜೋಡಿಗಳನ್ನು ಎರಡು ಗುಂಪು ಮಾಡಿದರು. ಎಲ್ಲ ಹೆಂಗಸರಿಗೂ ಬಿ.ವಿ. ಇತ್ತು, ಎಲ್ಲರಿಗೂ ಮಾಮೂಲಿ ಚಿಕಿತ್ಸೆ ಸಿಕ್ಕಿತು. ಒಂದು ಗುಂಪಿನಲ್ಲಿ ಮಾತ್ರ ಗಂಡಸರಿಗೂ ಏಳು ದಿನ ಔಷಧಿ ಕೊಟ್ಟರು: ಹೊಟ್ಟೆಗೆ ಮೆಟ್ರೊನಿಡಜೋಲ್ ಗುಳಿಗೆ, ಶಿಶ್ನದ ಚರ್ಮಕ್ಕೆ ಕ್ಲಿಂಡಮೈಸಿನ್ ಮುಲಾಮು, ಎರಡೂ ದಿನಕ್ಕೆ ಎರಡು ಹೊತ್ತು. ಹನ್ನೆರಡು ವಾರದೊಳಗೆ, ಹೆಂಗಸರಿಗೆ ಮಾತ್ರ ಔಷಧಿ ಕೊಟ್ಟ ಗುಂಪಿನಲ್ಲಿ ನೂರಕ್ಕೆ 63 ಮಂದಿಗೆ ಕಾಯಿಲೆ ಮರಳಿತು. ಇಬ್ಬರಿಗೂ ಕೊಟ್ಟಲ್ಲಿ ನೂರಕ್ಕೆ 35. ವ್ಯತ್ಯಾಸ ಎಷ್ಟು ಸ್ಪಷ್ಟವಿತ್ತೆಂದರೆ, ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು.

ಹಾಗಾದರೆ ಇಷ್ಟು ವರ್ಷ ಗಂಡಸರಿಗೆ ಬೇಡ ಎಂದದ್ದೇಕೆ? ಹಿಂದೆಯೂ ಪ್ರಯೋಗ ಮಾಡಿ ನೋಡಿದ್ದರು, ಗುಣ ಕಂಡಿರಲಿಲ್ಲ. ಅಮೆರಿಕದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಗಂಡನಿಗೆ ಮೆಟ್ರೊನಿಡಜೋಲ್ ಕೊಟ್ಟದ್ದರಿಂದ ಹೆಂಡತಿಗೆ ಲಾಭವಾಗಲಿಲ್ಲ. ಅಲ್ಲಿ ಕೊಟ್ಟದ್ದು ಗುಳಿಗೆ ಮಾತ್ರ. ಈ ಜೀವಾಣುಗಳು ಮೂತ್ರನಾಳದಲ್ಲಿ ಇರುವಂತೆ ಮುಂದೊಗಲಿನ ಕೆಳಗಿನ ಚರ್ಮದ ಮೇಲೂ ಇರುತ್ತವೆ, ಮೆಲ್ಬರ್ನಿನವರು ಅಲ್ಲಿಗೂ ಔಷಧಿ ಮುಟ್ಟಿಸಿದರು. ನೀಲವ್ವನ ಭಾಷೆಯಲ್ಲಿ ಹೇಳುವುದಾದರೆ, ಆಚೆ ಹೊಲಕ್ಕೆ ನೀರು ಬಿಟ್ಟರೆ ಸಾಲದು, ಎಲೆಯ ಮೇಲೂ ಸಿಂಪಡಿಸಬೇಕು.

ಈಗ ನನ್ನ ಪರವಾಗಿಯೂ ಒಂದೆರಡು ಮಾತು ಹೇಳಿಕೊಳ್ಳುತ್ತೇನೆ. "ಗಂಡನಿಗೆ ಔಷಧಿ ಬೇಡ" ಎಂದು ಹೇಳುತ್ತಿದ್ದದ್ದು ಪುಸ್ತಕದಲ್ಲಿದೆ ಅಂತಷ್ಟೇ ಅಲ್ಲ, ಅದು ಹೆಂಗಸರಿಗೆ ರಕ್ಷಣೆ ಅನ್ನುವ ನಂಬಿಕೆಯೂ ಇತ್ತು. ನಮ್ಮ ಕ್ಲಿನಿಕ್ಕಿನ ಬೋರ್ಡು ನೋಡಿಯೇ ಸೆರಗು ಮುಖಕ್ಕೆ ಎಳೆದುಕೊಳ್ಳುವ ಊರಿದು. "ಇದು ನಿಮ್ಮಿಬ್ಬರ ನಡುವೆ ದಾಟುತ್ತದೆ" ಅಂದರೆ ಮನೆಯಲ್ಲಿ ಮೊದಲ ಪ್ರಶ್ನೆ "ಯಾರಿಂದ ಬಂತು" ಅನ್ನುವುದು, ಉತ್ತರ ಸಿಗುವ ಮುಂಚೆಯೇ ಪೆಟ್ಟು ಬೀಳುವುದು ಯಾರಿಗೆ ಅನ್ನುವುದು ಗೊತ್ತಿದೆ. ಹಾಗಾಗಿ ಗಂಡನನ್ನು ಕಥೆಯಿಂದ ಹೊರಗಿಟ್ಟೆ. ಅದರ ಬೆಲೆ ತೆತ್ತವರು ಮತ್ತೆ ಮತ್ತೆ ಬಂದ ಹೆಂಗಸರೇ, ಅದು ನನ್ನ ರಿಜಿಸ್ಟರಿನಲ್ಲಿ ನನ್ನದೇ ಅಕ್ಷರದಲ್ಲಿದೆ.

ನೀಲವ್ವನ ಗಂಡನಿಗೂ ಔಷಧಿ ಕೊಡೋಣವೇ ಎಂದು ಕೇಳಿದಾಗ ವೈದ್ಯರು ಎರಡು ಷರತ್ತು ಹಾಕಿದರು. ಮೊದಲು ಪರೀಕ್ಷೆ: ಇನ್ನು ಲಕ್ಷಣ ನೋಡಿ ಕೊಡುವುದಿಲ್ಲ, ಸೂಕ್ಷ್ಮದರ್ಶಕದಲ್ಲಿ ನೋಡಿ ಬಿ.ವಿ. ಎಂದೇ ಖಚಿತವಾಗಬೇಕು. ಲೈಂಗಿಕ ಸಂಪರ್ಕದಿಂದ ಹರಡುವ ಇನ್ನೊಂದು ಸೋಂಕಾದ ಟ್ರೈಕೊಮೊನಾಸ್ ಆದರೆ ಗಂಡನಿಗೆ ಔಷಧಿ ಹೇಗೂ ಬೇಕೇ ಬೇಕು. ಫಂಗಸ್ ಆದರೆ ದಾರಿಯೇ ಬೇರೆ. ಎರಡನೆಯದು, ನಮ್ಮ ಗೋಡೆಯ ಚಾರ್ಟಿನಲ್ಲಿ ಇದು ಇಲ್ಲ, ಆದ್ದರಿಂದ ಇಬ್ಬರಿಗೂ ತಿಳಿಸಿ ಒಪ್ಪಿಗೆ ಪಡೆದೇ ಬರೆಯುತ್ತೇನೆ ಎಂದರು. ಪರೀಕ್ಷೆಯಲ್ಲಿ ಬಿ.ವಿ. ಎಂದೇ ಬಂತು. ನಾನು ನೀಲವ್ವನನ್ನು ಒಬ್ಬಳನ್ನೇ ಕೂರಿಸಿ ಕೇಳಿದೆ: ಕರೆಸಿದರೆ ಗಂಡ ಹೊಡೆಯುತ್ತಾರಾ?

"ಹೊಡಿಯೂದಿಲ್ರಿ. ಮಾತು ಬಿಡ್ತಾರ. ಅದು ರೂಢಿ ಐತಿ."

ಆತ ಬಂದದ್ದು ಮುಂದಿನ ಸೋಮವಾರ. ಕುರ್ಚಿ ತೋರಿಸಿದರೂ ಬಾಗಿಲ ಹತ್ತಿರವೇ ನಿಂತ.

"ನನಗೇನ ಆಗಿಲ್ರಿ ಮೇಡಂ."

"ಗೊತ್ತು. ನಿಮಗೆ ನೋವಿಲ್ಲ, ವಾಸನೆಯಿಲ್ಲ, ಏನೂ ಕಾಣಿಸುವುದಿಲ್ಲ. ಆದರೂ ಆ ಜೀವಾಣುಗಳು ನಿಮ್ಮ ಚರ್ಮದ ಮೇಲೆ ಉಳಿದುಕೊಂಡಿರಬಹುದು. ಇವರಿಗೆ ವಾಸಿಯಾದ ಮೇಲೆ ಮತ್ತೆ ಅಲ್ಲಿಂದಲೇ ದಾಟುತ್ತವೆ."

ಆತ ಕೂತ. ಸ್ವಲ್ಪ ಹೊತ್ತಿನ ಮೇಲೆ, ನಾನು ಹೆದರಿಕೊಂಡೇ ಕಾಯುತ್ತಿದ್ದ ಪ್ರಶ್ನೆ ಬಂತು. "ನೇರ ಹೇಳ್ರಿ. ಇದು ನಾ ತಂದದ್ದೋ, ಆಕಿ ತಂದದ್ದೋ?"

ನೀಲವ್ವ ನನ್ನ ಮುಖ ನೋಡಿದಳು, ಗಂಡನದ್ದಲ್ಲ.

"ಅದನ್ನು ಹೇಳುವ ಪರೀಕ್ಷೆ ಇಲ್ಲ. ನಮ್ಮಲ್ಲಿ ಇಲ್ಲ ಅಂತಲ್ಲ, ಎಲ್ಲೂ ಇಲ್ಲ. ಇದು ಬಂತು ಅಂದರೆ ಯಾರೋ ಹೊರಗೆ ಹೋಗಿದ್ದಾರೆ ಅಂತ ಅರ್ಥವಲ್ಲ. ಜಗತ್ತಿನಲ್ಲಿ ನಾಲ್ಕು ಹೆಂಗಸರಲ್ಲಿ ಹೆಚ್ಚುಕಮ್ಮಿ ಒಬ್ಬರಿಗೆ ಇದು ಇರುತ್ತದೆ, ನಾಲ್ವರಲ್ಲೊಬ್ಬರು ಗಂಡನಿಗೆ ಮೋಸ ಮಾಡಿದ್ದಾರೆ ಅನ್ನುತ್ತೀರಾ? ಎಲ್ಲಿ ಶುರುವಾಯಿತು ಅಂತ ಹುಡುಕಿ ಉಪಯೋಗವಿಲ್ಲ. ನಿಲ್ಲಿಸುವುದಕ್ಕೆ ಇಬ್ಬರೂ ಬೇಕು."

ಇದನ್ನು ಕೇಳಿದ ನನ್ನ ಸಹೋದ್ಯೋಗಿಯೊಬ್ಬರು ಆಮೇಲೆ ತಕರಾರು ತೆಗೆದರು. ಲೈಂಗಿಕ ಸಂಪರ್ಕದಿಂದ ದಾಟುವುದನ್ನು ಲೈಂಗಿಕ ರೋಗ ಅಂತಲೇ ಹೇಳಬೇಕು, ನೀನು ಶಬ್ದ ಮರೆಸಿದೆ ಎಂದು. ಅದನ್ನು ಹಾಗೆ ಕರೆಯಬೇಕೋ ಬೇಡವೋ ಎಂದು ತಜ್ಞರೂ ಚರ್ಚೆ ಮಾಡುತ್ತಿದ್ದಾರೆ, ಈ ಅಧ್ಯಯನದ ಮೇಲೆ ಹೌದು ಎನ್ನುವವರ ಕೈ ಬಲವಾಗಿದೆ. ಆದರೆ ನಾನು ಸಂಗತಿ ಮರೆಸಲಿಲ್ಲ. ಯಾವುದು, ಎಲ್ಲಿರುತ್ತದೆ, ಹೇಗೆ ದಾಟುತ್ತದೆ, ಪೂರ್ತಿ ಹೇಳಿದೆ. ಬಿಟ್ಟದ್ದು ಒಂದು ಶಬ್ದವನ್ನು. ನಮ್ಮೂರಲ್ಲಿ ಆ ಶಬ್ದ ರೋಗದ ಹೆಸರಾಗಿ ಉಳಿದಿಲ್ಲ, ಹೆಂಗಸಿಗೆ ಬಯ್ಯುವ ಬೈಗುಳವಾಗಿದೆ. ಈ ವಿಷಯದಲ್ಲಿ ನಾನು ಬಗ್ಗುವುದಿಲ್ಲ.

ಆತ ನನ್ನ ಉತ್ತರ ಒಪ್ಪಿದನೋ ಇಲ್ಲವೋ ಮುಖ ನೋಡಿ ತಿಳಿಯಲಿಲ್ಲ. ಮುಂದಿನ ಪ್ರಶ್ನೆ ಬೇರೆಯೇ ಆಗಿತ್ತು. "ಏಳು ದಿನ ಕುಡಿಯೂದು ಬಿಡಬೇಕಂತಲ್ರಿ, ಖರೇನ?" ಹೌದು, ಮೆಟ್ರೊನಿಡಜೋಲ್ ತೆಗೆದುಕೊಳ್ಳುವಾಗ ಕುಡಿಯಬೇಡಿ ಎಂದು ವೈದ್ಯರು ಹೇಳುತ್ತಾರೆ. ಬಾಯಿ ಕಬ್ಬಿಣ ನೆಕ್ಕಿದ ಹಾಗಾಗಬಹುದು, ಹೊಟ್ಟೆ ತೊಳಸಬಹುದು. ಇಬ್ಬರೂ ಒಟ್ಟಿಗೇ ಶುರು ಮಾಡಬೇಕು, ಆ ಏಳು ದಿನ ಸೇರಬಾರದು. ನೀಲವ್ವ ಅಷ್ಟು ಹೊತ್ತಿನಲ್ಲಿ ಮೊದಲ ಸಲ ನಕ್ಕಳು. ಯಾವುದಕ್ಕೆ ಅಂತ ನಾನು ಕೇಳಲಿಲ್ಲ.

ನಾನು ವಾಸಿಯಾಗುತ್ತದೆ ಅಂತ ಭರವಸೆ ಕೊಡಲಿಲ್ಲ. ಇಬ್ಬರೂ ಔಷಧಿ ತೆಗೆದುಕೊಂಡ ಮೆಲ್ಬರ್ನಿನ ಜೋಡಿಗಳಲ್ಲೂ ಮೂರರಲ್ಲಿ ಒಬ್ಬ ಹೆಂಗಸಿಗೆ ಮರಳಿದೆ. ಅವರು ಒಬ್ಬರಿಗೊಬ್ಬರೇ ಇದ್ದ ಜೋಡಿಗಳು. ಬೇರೆ ಸಂಗಾತಿ ಇರುವಲ್ಲಿ ಈ ಲೆಕ್ಕ ಹಿಡಿಯುವುದಿಲ್ಲ. ಆದರೂ ಕೊಡಿಸಿದೆ, ಯಾಕೆಂದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇದ್ದದ್ದು ಗರ್ಭಚೀಲ. ಏಳು ದಿನದ ಗುಳಿಗೆ, ಮುಲಾಮು ಒಂದು ಕಡೆ. ಮೂವತ್ತರ ಹೆಂಗಸಿನ ಹೊಟ್ಟೆ ಕೊಯ್ಯುವುದು ಇನ್ನೊಂದು ಕಡೆ. ಅದೇ 2025ರಲ್ಲಿ ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಸಂಘವೂ ಪದೇ ಪದೇ ಮರುಕಳಿಸುವವರ ಸಂಗಾತಿಗೆ ಔಷಧಿ ಕೊಡುವುದನ್ನು ಪರಿಗಣಿಸಿ ಎಂದಿತು. ಅದು ಗೊತ್ತಾದ ದಿನ ನಮ್ಮ ವೈದ್ಯರು ನನಗಿಂತ ಹೆಚ್ಚು ನಿರಾಳವಾದರು.

ಓದುವವರಿಗೆ ಒಂದು ಮಾತು. ಇದನ್ನು ಓದಿ ಮೆಡಿಕಲ್ ಶಾಪಿಗೆ ಹೋಗಬೇಡಿ. ಬಿಳುಪೆಲ್ಲ ಕಾಯಿಲೆಯಲ್ಲ, ವಾಸನೆ, ತುರಿಕೆ ಇಲ್ಲದ ನೀರು ತಿಂಗಳ ನಡುವೆ ಹೋಗುವುದು ಸಹಜ. ಬಸುರಿಯಾಗಿದ್ದರೆ, ಜ್ವರ ಅಥವಾ ಕಿಬ್ಬೊಟ್ಟೆ ನೋವಿದ್ದರೆ, ಕೂಡಿದ ಮೇಲೆ ರಕ್ತ ಕಂಡರೆ ತಡಮಾಡದೆ ವೈದ್ಯರ ಹತ್ತಿರ ಹೋಗಿ. ಇನ್ನು ಮೂರನೆಯ ಸಲ ಅದೇ ದೂರಿಗೆ ಅದೇ ಗುಳಿಗೆ ಕೊಟ್ಟರೆ, ಪರೀಕ್ಷೆ ಮಾಡಿ ಅಂತ ಬಾಯಿ ಬಿಟ್ಟು ಕೇಳಿ.

ಎಲ್ಲರಿಗೂ ಈ ದಾರಿ ತೆರೆದಿರುವುದಿಲ್ಲ. ನೀಲವ್ವನ ನಂತರ ಬಂದ ಇನ್ನೊಬ್ಬಾಕೆಗೆ ಇದೇ ಪಾಠ ಹೇಳಿ ಗಂಡನನ್ನು ಕರೆಸಲು ಅವನ ಹೆಸರಿನಲ್ಲಿ ಚೀಟಿ ಬರೆದೆ. ಆಕೆ ಚೀಟಿ ಮುಟ್ಟಲೇ ಇಲ್ಲ. "ಬ್ಯಾಡ್ರಿ, ಜೀವ ಉಳಿಸೂದಿಲ್ಲ" ಅಂದಳು. ಅವಳ ಕಣ್ಣೆದುರಿಗೇ ಚೀಟಿ ಹರಿದು ಹಾಕಿದೆ, ಅವಳಿಗಷ್ಟೇ ಔಷಧಿ ಕೊಡಿಸಿದೆ, ಕಾಂಡೋಮ್ ಮಾತೆತ್ತಿದೆ, ಅದೂ ಆಗುವುದಿಲ್ಲ ಅಂದಳು. ದೌರ್ಜನ್ಯಕ್ಕೊಳಗಾದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರದ ನಂಬರು ಬರೆದುಕೊಟ್ಟೆ. ಅವಳು ಮತ್ತೆ ಬಂದಿಲ್ಲ.

ಆ ಸೋಮವಾರ ಔಷಧಿ ಚೀಟಿ ಹಿಡಿದು ಹೋದ ನೀಲವ್ವನ ಗಂಡ ಎರಡು ತಾಸಿನಲ್ಲೇ ವಾಪಸ್ ಬಂದ, ಮುಖ ಕೆಂಪಾಗಿತ್ತು. ಆ ಮುಲಾಮು ಬರುವುದು ಹೆಂಗಸರ ಬಳಕೆಗೆಂದು, ಡಬ್ಬಿಯ ಮೇಲೂ ಹಾಗೇ ಇರುತ್ತದೆ. ಅಂಗಡಿಯ ಹುಡುಗ "ಇದು ಲೇಡೀಸ್‌ದು, ನಿಮಗ್ಯಾಕ್ರಿ" ಅಂತ ನಾಲ್ಕು ಜನರ ಮುಂದೆ ನಕ್ಕನಂತೆ. ಇಷ್ಟೆಲ್ಲ ಯೋಚಿಸಿದ ನನಗೆ ಇದೊಂದು ಹೊಳೆದಿರಲಿಲ್ಲ. ವೈದ್ಯರಿಂದ ಚೀಟಿಯ ಮೇಲೆ "ಪುರುಷರಿಗೆ, ಹೊರಚರ್ಮಕ್ಕೆ ಹಚ್ಚಲು" ಎಂದು ದಪ್ಪಕ್ಷರದಲ್ಲಿ ಬರೆಸಿಕೊಟ್ಟೆ. ಈಗ ಎಲ್ಲ ಗಂಡಸರಿಗೂ ಡಬ್ಬಿಯ ಮೇಲೆ ಏನಿರುತ್ತದೆ ಅಂತ ಮೊದಲೇ ಹೇಳಿ ಕಳಿಸುತ್ತೇನೆ.

ಮೂರು ತಿಂಗಳು ಅವಳಿಗೆ ಮರಳಲಿಲ್ಲ. ನಾಲ್ಕನೆಯ ತಿಂಗಳು ಬಂದಳು, ನನ್ನ ಎದೆ ಧಸಕ್ಕೆಂದಿತು. ಅವಳಿಗಾಗಿ ಬಂದಿರಲಿಲ್ಲ. ಜೊತೆಗೆ ನೆಗೆಣ್ಣಿ ಇದ್ದಳು, ಆಕೆಗೂ ವರ್ಷದಿಂದ ಅದೇ ತೊಂದರೆಯಂತೆ.

"ಈಕಿ ಮನಿಯವರೂ ಬಂದಾರ್ರೀ ಅಕ್ಕಾರ. ಹೊರಗ ಗಾಡಿ ಹತ್ರ ನಿಂತಾರ, ಒಳಗ ಬರಾಕ ನಾಚ್ತಾರ."

ನಾನೇ ಎದ್ದು ಹೋಗಿ ಕರೆದೆ.