ಕ್ಷಮಿಸಿದ್ದಕ್ಕಲ್ಲ, ಕಾರಣ ಬರೆದದ್ದಕ್ಕೆ

ಪತ್ರ: ಮೇ ದಿನದ ಲೇಖನದಲ್ಲಿ, ಷಿಕಾಗೋ ಕಾರ್ಮಿಕ ನಾಯಕರನ್ನು ಬಿಡಿಸಿದ ಗವರ್ನರ್ ಆಲ್ಟ್‌ಗೆಲ್ಡ್ ಹೆಸರು ಬಂದಿತ್ತು. ಯಾರವರು? ಎರಡನೇ ಸಲ ಗೆದ್ದ ಮೇಲೆ ಆ ಕೆಲಸ ಮಾಡಬಹುದಿತ್ತಲ್ಲ, ದುಡುಕಿದರೇ?
– ಓದುಗರೊಬ್ಬರು, ಶಿವಮೊಗ್ಗ

ಅಮೆರಿಕದ ಗವರ್ನರ್ ನಮ್ಮ ರಾಜ್ಯಪಾಲರ ಹಾಗೆ ದೆಹಲಿಯಿಂದ ನೇಮಕವಾಗಿ ಬರುವವರಲ್ಲ. ವೋಟು ಕೇಳಿ ಗೆಲ್ಲಬೇಕು, ಆಡಳಿತವನ್ನೂ ತಾವೇ ನಡೆಸಬೇಕು. ಹಾಗಾಗಿ ನಿಮ್ಮ ಪ್ರಶ್ನೆ ಸರಿಯಾದದ್ದೇ.

ಜಾನ್ ಪೀಟರ್ ಆಲ್ಟ್‌ಗೆಲ್ಡ್ ಹುಟ್ಟಿದ್ದು 1847ರಲ್ಲಿ, ಜರ್ಮನಿಯಲ್ಲಿ. ಕೂಸಾಗಿದ್ದಾಗಲೇ ಹೆತ್ತವರೊಂದಿಗೆ ಒಹಾಯೋಗೆ ಬಂದರು. ಹದಿನಾರಕ್ಕೆ ಅಂತರ್ಯುದ್ಧದ ಸೈನ್ಯ ಸೇರಿ, ಆಮೇಲೆ ಮೇಷ್ಟ್ರಾಗಿ, ವಕೀಲರಾಗಿ, ಷಿಕಾಗೋದಲ್ಲಿ ಜಮೀನು-ಕಟ್ಟಡಗಳ ವ್ಯವಹಾರದಿಂದ ಚೆನ್ನಾಗಿ ದುಡ್ಡು ಮಾಡಿದರು. ಜಡ್ಜ್ ಕೂಡ ಆಗಿದ್ದರು. 1892ರಲ್ಲಿ ಇಲಿನಾಯ್ ಗವರ್ನರ್ ಚುನಾವಣೆ ಗೆದ್ದರು.

1886ರ ಮೇ 4ರ ರಾತ್ರಿ ಷಿಕಾಗೋದ ಹೇಮಾರ್ಕೆಟ್ ಚೌಕದಲ್ಲಿ ನಡೆದ ಕಾರ್ಮಿಕರ ಸಭೆಯಲ್ಲಿ ಬಾಂಬ್ ಬಿದ್ದು ಪೊಲೀಸರು ಸತ್ತಿದ್ದರು. ಎಸೆದವನು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಆದರೂ ಎಂಟು ಜನ ಕಾರ್ಮಿಕ ನಾಯಕರಿಗೆ ಶಿಕ್ಷೆಯಾಯಿತು. ನಾಲ್ವರು ಗಲ್ಲಿಗೇರಿದರು, ಒಬ್ಬ ಜೈಲಿನಲ್ಲೇ ಪ್ರಾಣ ಕಳೆದುಕೊಂಡ. ಉಳಿದ ಫೀಲ್ಡನ್, ಶ್ವಾಬ್, ನೀಬಿ ಅವರನ್ನು ಬಿಡಿ ಎಂದು ಊರಿನ ಗಣ್ಯರೇ ಅರ್ಜಿ ಹಾಕಿದ್ದರು. ‘ಸಾಕಷ್ಟು ಶಿಕ್ಷೆಯಾಗಿದೆ, ದಯೆ ತೋರಿಸಿದ್ದೇನೆ’ ಎಂದು ಎರಡು ಸಾಲು ಗೀಚಿ ಕೈತೊಳೆದುಕೊಂಡಿದ್ದರೆ ಇಷ್ಟು ಗದ್ದಲ ಆಗುತ್ತಿರಲಿಲ್ಲ.

ಆಲ್ಟ್‌ಗೆಲ್ಡ್ 1893ರ ಜೂನ್ 26ರಂದು ಮೂವರನ್ನೂ ಬಿಟ್ಟರು. ಜೊತೆಗೆ ಸಣ್ಣ ಪುಸ್ತಕದಷ್ಟು ಕಾರಣ ಬರೆದರು. ಜ್ಯೂರಿಗೆ, ಅಂದರೆ ಅಪರಾಧಿಯೋ ಅಲ್ಲವೋ ಎಂದು ತೀರ್ಮಾನಿಸುವ ಸಾಮಾನ್ಯ ನಾಗರಿಕರ ತಂಡಕ್ಕೆ, ಹೆಸರುಗಳನ್ನು ಪೆಟ್ಟಿಗೆಯಿಂದ ಚೀಟಿ ಎತ್ತಿ ಆರಿಸಲಿಲ್ಲ. ವಿಶೇಷ ಅಮೀನನೊಬ್ಬ ತನಗೆ ಬೇಕಾದವರನ್ನು ಕರೆತಂದ. ಸತ್ತ ಪೊಲೀಸನಿಗೆ ನೆಂಟನೆಂದು ಒಪ್ಪಿಕೊಂಡವನನ್ನೂ ನ್ಯಾಯಾಧೀಶ ಗ್ಯಾರಿ ಅನರ್ಹ ಎನ್ನಲಿಲ್ಲ. ಇವನ್ನೆಲ್ಲ ಹೆಸರು ಸಮೇತ ಬರೆದು, ಗ್ಯಾರಿಯವರ ಪಕ್ಷಪಾತವನ್ನು ಬಿಡಿಬಿಡಿಯಾಗಿ ಎತ್ತಿ ತೋರಿಸಿದರು. ಆ ಕೊನೆಯ ಭಾಗದ ಖಾರ ಸ್ವಲ್ಪ ಹೆಚ್ಚೇ ಆಯಿತೆಂದು ನನಗನ್ನಿಸುತ್ತದೆ. ಪತ್ರಿಕೆಗಳು ಗವರ್ನರನ್ನೇ ಅರಾಜಕವಾದಿ ಎಂದವು, ಪರದೇಶಿ ಎಂದು ಜರೆದವು.

ಮರುವರ್ಷ ಪುಲ್‌ಮನ್ ರೈಲ್ವೆ ಮುಷ್ಕರ. ರಾಜ್ಯ ಕೇಳದಿದ್ದರೂ ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಷಿಕಾಗೋಗೆ ಸೈನ್ಯ ಕಳಿಸಿದರು. ತಮ್ಮದೇ ಡೆಮಾಕ್ರಟಿಕ್ ಪಕ್ಷದವರಾದ ಅಧ್ಯಕ್ಷರ ವಿರುದ್ಧ ಆಲ್ಟ್‌ಗೆಲ್ಡ್ ಬಹಿರಂಗವಾಗಿ ಪ್ರತಿಭಟಿಸಿದರು. ಕಾರ್ಖಾನೆಗಳ ತಪಾಸಣೆಗೆ ಸಮಾಜ ಸುಧಾರಕಿ ಫ್ಲಾರೆನ್ಸ್ ಕೆಲ್ಲಿಯವರನ್ನು ನೇಮಿಸಿದ್ದೂ ಇವರೇ. ಅದನ್ನು ನೆನೆಯುವವರು ಕಡಿಮೆ.

1896ರಲ್ಲಿ ಸೋತರು. ಆದರೆ ಕ್ಷಮಾದಾನವೊಂದೇ ಕಾರಣ ಎನ್ನಲಾಗದು. 1893ರ ಆರ್ಥಿಕ ಕುಸಿತದ ಸಿಟ್ಟು ಡೆಮಾಕ್ರಟಿಕ್ ಪಕ್ಷದ ಮೇಲಿತ್ತು. ಅಧ್ಯಕ್ಷ ಚುನಾವಣೆಯಲ್ಲೂ ಇಲಿನಾಯ್ ರಿಪಬ್ಲಿಕನ್ನರ ಪಾಲಾಯಿತು. ನೀವು ಹೇಳಿದಂತೆ ಕಾದಿದ್ದರೆ ಎರಡನೇ ಅವಧಿ ಬಹುಶಃ ಬರುತ್ತಲೇ ಇರಲಿಲ್ಲ. ಮೂವರೂ ಜೈಲಿನಲ್ಲೇ ಕೊಳೆಯುತ್ತಿದ್ದರು. ದುಡುಕಿದರು ಎನ್ನಲು ನಾನು ಸಿದ್ಧನಿಲ್ಲ.

ಅಷ್ಟರಲ್ಲಿ ಆಸ್ತಿಯೂ ಕರಗಿತ್ತು. ವಕೀಲ ಕ್ಲಾರೆನ್ಸ್ ಡ್ಯಾರೋ ತಮ್ಮ ಕಚೇರಿಯಲ್ಲಿ ಜಾಗ ಕೊಟ್ಟರು. 1902ರ ಮಾರ್ಚ್‌ನಲ್ಲಿ ಜೋಲಿಯೆಟ್‌ನಲ್ಲಿ, ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ದಕ್ಷಿಣ ಆಫ್ರಿಕಾದ ಬೋಯರ್ ಜನರ ಪರ ಭಾಷಣ ಮಾಡಿ ಮುಗಿಸಿದವರು ಕುಸಿದುಬಿದ್ದು ತೀರಿಕೊಂಡರು. ಆಗ ಅವರಿಗೆ 54 ವರ್ಷ.

– ಸಂ.