25 ಮಕ್ಕಳ ಹುಟ್ಟುಹಬ್ಬ, 5000 ರೂಪಾಯಿಯೊಳಗೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ 25 ಮಕ್ಕಳನ್ನು ಮಧ್ಯಾಹ್ನ ಸಭಾಂಗಣಕ್ಕೆ ಕರೆದು ಹುಟ್ಟುಹಬ್ಬ ಮಾಡಲು ನೀವಿಟ್ಟ 5000 ರೂಪಾಯಿ ಸಾಲದೆ ಹೋಗುತ್ತಿರುವುದಕ್ಕೆ ಕಾರಣ ಬಹುಶಃ ಮಧ್ಯಾಹ್ನದ ಹೊತ್ತು. ಆ ವೇಳೆಗೆ ಕರೆದರೆ ಜೊತೆಗೆ ಬರುವ ಹಿರಿಯರಿಗೂ ಊಟ ಬಡಿಸಲೇಬೇಕಾಗುತ್ತದೆ. ಮೊದಲು ಸಮಯವನ್ನು ಸಂಜೆ ನಾಲ್ಕರಿಂದ ಆರಕ್ಕೆ ಬದಲಿಸಿ, ಕರೆಯುವಾಗಲೇ ಚಹಾ ತಿಂಡಿ ಮಾತ್ರವೆಂದು ತಿಳಿಸಿಬಿಡಿ. ಬಳಿಕ ಸಭಾಂಗಣವನ್ನು ಕೈಬಿಟ್ಟು ಮನೆಯಂಗಳವನ್ನೇ ಬಳಸಿ. ಜೂನ್‌ನಿಂದ ಸೆಪ್ಟೆಂಬರಿನೊಳಗಾದರೆ ಮಳೆಯನ್ನು ನಂಬುವಂತಿಲ್ಲವಾದ್ದರಿಂದ ಚಾವಡಿಯನ್ನೂ ತೆರವು ಮಾಡಿಟ್ಟುಕೊಳ್ಳಿ. ಎರಡು ಕಿಲೋ ಕೇಕ್ ಸಾಕು. ಚರುಮುರಿಯನ್ನೂ ಪುನರ್ಪುಳಿ (ಕೋಕಂ) ಶರಬತ್ತನ್ನೂ ಮನೆಯಲ್ಲೇ ಮಾಡಿ. ಗೋಳಿಬಜೆಯನ್ನು ಮಾತ್ರ ಮಕ್ಕಳು ಲಗೋರಿ ಆಡಿ ದಣಿದ ಮೇಲೆಯೇ ಕಾಯಿಸಿ, ತಣಿದರೆ ಯಾರೂ ಮುಟ್ಟುವುದಿಲ್ಲ. ಹೊರಡುವಾಗ ಉಡುಗೊರೆ ಕೊಡಲೇಬೇಕೆಂದಿಲ್ಲ. ಕೊಡುವುದಾದರೆ ತಲಾ 20 ರೂಪಾಯಿಯೊಳಗೆ ಪೆನ್ಸಿಲು, ರಬ್ಬರು ತನ್ನಿ.