ಕೊಲೆಗಾರ ಯಾರು ಅಂತ ಹೇಳದೆ ಪತ್ತೇದಾರಿ ಕಾದಂಬರಿ ಬಗ್ಗೆ ಏನು ಬರೀಬೇಕು?

ಗುಟ್ಟು ಬಿಟ್ಟುಕೊಡಬಾರದು ಅಂದಮ್ಯಾಲ ವಿಮರ್ಶೆ ಬರಿಯಾಕ ಏನ್ ಉಳಿತೈತಿ ಅಂತ ಕೇಳೀರಿ. ಭಾಳ ಉಳಿತೈತ್ರಿ. ಬರದಾಂವ ಎಲ್ಲಾ ನಮ್ಮ ಕಣ್ಣ ಮುಂದ ಇಟ್ಟು ನಮ್ಮನ್ನ ಸೋಲಿಸ್ಯಾನೋ, ಇಲ್ಲಾ ಮುಚ್ಚಿಟ್ಟು ಸೋಲಿಸ್ಯಾನೋ, ಅದನ್ನ ಬರೀರಿ.

ನನಗ ಇದು ತಿಳಿದಿದ್ದು ಸಿಟ್ಟು ಬಂದಾಗ. ನಾ ಗದಗದಿಂದ ಹುಬ್ಬಳ್ಳಿಗೆ ಟ್ರೇನಿನ್ಯಾಗ ದಿನಾ ಓಡಾಡ್ತೀನಿ, ಒಮ್ಮೆ ಬಾಡಿಗಿ ಲೈಬ್ರರಿಯಿಂದ ಹಳೇ ಪುಸ್ತಕ ತಂದು ಹುಲಕೋಟಿ ದಾಟೋದ್ರಾಗ ಹನ್ನೆರಡು ಪುಟ ಓದೀನಿ, ಹದಿಮೂರನೇ ಪುಟದಾಗ ಒಂದು ಹೆಸರಿನ ಕೆಳಗ ಯಾರೋ ಪೆನ್ಸಿಲ್‌ಲೆ ಗೀಟು ಹೊಡದು "ಕೊಲೆಗಾರ ಇವನೇ" ಅಂತ ಬರದಿದ್ರು. ಮುಚ್ಚಿ ಬ್ಯಾಗಿಗೆ ಒಗದೆ. ಸಂಜೀಕ ವಾಪಸ್ ಬರೋಮುಂದ ಓದಾಕ ಬ್ಯಾರೆ ಏನೂ ಇರಲಿಲ್ಲ, ಹೆಂಗೂ ಗೊತ್ತಾಗೇತಿ, ಇಂವಾ ಎಲ್ಲೆಲ್ಲಿ ಸಿಗಬಿದ್ದಾನ ನೋಡೂಣು ಅಂತ ತಗದೆ, ಎಂಥಾ ಕೆಲಸ ಮಾಡ್ಯಾನ್ರಿ ಆ ಲೇಖಕ! ರಾತ್ರಿ ಜೋರು ಮಳಿ, ಆ ಮನಶಾ "ಈಗಷ್ಟ ಬಂದೆ" ಅಂತಾನ, ಆದ್ರ ಮೂಲ್ಯಾಗ ಇಟ್ಟ ಅವನ ಛತ್ರಿ ಒಣಗಿತ್ತು. ಒಂದ ಸಾಲು, ಅದೂ ಚಾ ಆರೇತಿ, ಇನ್ನೊಮ್ಮೆ ಕಾಸು ಅನ್ನೋ ಮಾತಿನ ನಡುವ. ಗೊತ್ತಿರಲಿಲ್ಲಂದ್ರ ನಾ ಅದನ್ನ ದಾಟಿ ಹೋಗ್ತಿದ್ದೆ. ವಾಪಸ್ ಕೊಡೋಮುಂದ ರಬ್ಬರ್‌ಲೆ ಆ ಗೀಟು ಅಳಿಸಿ ಕೊಟ್ಟೆ. ಪುಸ್ತಕದ ಹೆಸರು ನಿಮಗೂ ಹೇಳಂಗಿಲ್ಲ.

ಆವಾಗಿಂದ ಎರಡು ಸಲ ಓದದ ನಾ ಬರಿಯೂದಿಲ್ಲ. ರೊನಾಲ್ಡ್ ನಾಕ್ಸ್ ಅಂತ ಇಂಗ್ಲೆಂಡಿನ ಪಾದ್ರಿ, ತಾನೂ ಪತ್ತೇದಾರಿ ಕಥಿ ಬರೀತಿದ್ದಾಂವ, 1929ರಾಗ ಹತ್ತು ಕಟ್ಟಳಿ ಹಾಕಿದ್ದ: ಅಪರಾಧಿ ಕಥಿ ಶುರುವಿನ್ಯಾಗ ಬಂದಿರಬೇಕು, ಪತ್ತೇದಾರಗ ಸಿಕ್ಕ ಸುಳಿವು ಓದೋರಿಗೂ ಸಿಗಬೇಕು, ಓದೋರಿಗೆ ಮೊದಲ ಸೂಚನೆ ಕೊಡದ ಅವಳಿ-ಜವಳಿ ತರಬಾರದು, ಹಿಂಗ. ಎರಡನೇ ಓದಿನ್ಯಾಗ ಇದನ್ನ ಇಟ್ಕೊಂಡು ನೋಡ್ರಿ.

ಆದ್ರ ಎಲ್ಲಾ ಪುಸ್ತಕಕ್ಕೂ ಇದ ಅಳತಿ ಹಚ್ಚಬ್ಯಾಡ್ರಿ. ನಮ್ಮ ಎನ್. ನರಸಿಂಹಯ್ಯ ಅವರು 500ಕ್ಕೂ ಹೆಚ್ಚು ಕಾದಂಬರಿ ಬರದಾರ, ಅವರ ಪತ್ತೇದಾರ ಪುರುಷೋತ್ತಮನ್ನ ಓದೋದು ಓಟಕ್ಕ, ಸಾಹಸಕ್ಕ, ಅಲ್ಲಿ ಛತ್ರಿ ಒಣಗಿತ್ತೋ ತೊಯ್ದಿತ್ತೋ ಅಂತ ಕುಂತ್ರ ಅವರಿಗೆ ಅನ್ಯಾಯ. ಇಂಗ್ಲೆಂಡಿನ ಲೇಖಕ ಆಸ್ಟಿನ್ ಫ್ರೀಮನ್ ಅಂತೂ 1912ರ ಕಥಿಗಳಾಗ ಕೊಲೆಗಾರನ್ನ ಮೊದಲ ತೋರಿಸಿಬಿಟ್ಟ, ಹೆಂಗ ಹಿಡೀತಾರ ಅನ್ನೋದ ಅಲ್ಲಿ ಕುತೂಹಲ. ಪುಸ್ತಕ ಯಾವ ಜಾತಿದು ಅಂತ ಮೊದಲ ಸಾಲಿನ್ಯಾಗ ಹೇಳಿಬಿಡ್ರಿ.

ಕಥಿ ಹೇಳೋದಿದ್ರ ಹೆಣ ಸಿಕ್ಕಲ್ಲಿತನಾ ಹೇಳ್ರಿ, ಮುಂದ ಬ್ಯಾಡ. ಇನ್ನೊಂದು, "ಕೊನೀಗೆ ಭಾರೀ ಟ್ವಿಸ್ಟ್ ಐತಿ" ಅಂತ ದಯವಿಟ್ಟು ಬರೀಬ್ಯಾಡ್ರಿ, ಭಾಳ ಮಂದಿ ಇದನ್ನ ತಪ್ಪಲ್ಲ ಅನ್ಕೋತಾರ, ಅಷ್ಟು ಅಂದ್ರ ಸಾಕು, ಓದಾಂವ ಮೊದಲ ಪುಟದಿಂದ ಎಲ್ಲಾರ ಮ್ಯಾಲೂ ಅನುಮಾನ ಪಡ್ಕೋತ ಕುಂದರ್ತಾನ. ಕೊನೆ ಸೇರಲಿಲ್ಲಂದ್ರ "ಪತ್ತೇದಾರ ಕಂಡ ಕಾಗದ ನಮಗ ಕೊನೇ ಅಧ್ಯಾಯದಾಗ ತೋರಿಸ್ಯಾರ" ಅನ್ರಿ. ಅದು ಯಾರ ಕಾಗದ ಅಂತ ಹೇಳೂದೇನ್ ಬೇಕಾಗಿಲ್ಲ.